ಕಾನ್ವೆಂಟ್ ಎಂದರೆ ಮಠ: ಇಗರ್ಜಿ ಶಾಲೆಯಿಂದ ಗಡಿ ಕನ್ನಡಿಗರು ಕಲಿಯಬೇಕಾದದ್ದು



ಹೋದ ಜೂನ್ ತಿಂಗಳಲ್ಲಿ ಶಾಲೆ ತೆರೆದ ಎರಡನೆಯ ದಿನವೇ ನಮ್ಮೂರಿನ ಪಾಲಕರೊಬ್ಬರು ಬಂದು ಬಾಗಿಲಲ್ಲಿ ನಿಂತರು. "ಗುರುಜಿ, ಟಿ.ಸಿ. ಬರ್ದು ಕೊಡ್ರಿ" ಎಂದರು. ಹುಡುಗ ನಾಲ್ಕನೆಯ ಇಯತ್ತೆ ಮುಗಿಸಿದವನು. ಕನ್ನಡ ಓದಿನಲ್ಲಿ ಚುರುಕು, ಮರಾಠಿಯಲ್ಲೂ ಹಿಂದಿಲ್ಲ, ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ. ಕಾರಣ ಕೇಳಿದೆ. "ಕಾನ್ವೆಂಟಿಗೆ ಹಾಕ್ಲತ್ತೀನ್ರಿ. ಕನ್ನಡ ಸಾಲ್ಯಾಗ ಕಲ್ತು ಮುಂದ ಏನ್ ಮಾಡ್ತಾನ, ನೀವೇ ಹೇಳ್ರಿ" ಎಂದರು. ನಾನು ಹೇಳಬೇಕಾದದ್ದು ಬಹಳವಿತ್ತು. ಆದರೆ ಅವರು ಮೋಟಾರ್ ಸೈಕಲ್ಲಿನ ಕೀಲಿ ಕೈಯಲ್ಲೇ ಹಿಡಿದು ನಿಂತಿದ್ದರು.

ಅವರು ಹೇಳಿದ ಕಾನ್ವೆಂಟು ತಾಲೂಕು ಸ್ಥಳದ ಒಂದು ಖಾಸಗಿ ಇಂಗ್ಲಿಷ್ ಶಾಲೆ. ಅಲ್ಲಿ ಪಾದ್ರಿಗಳಿಲ್ಲ, ಸಿಸ್ಟರುಗಳೂ ಇಲ್ಲ. ಕೊರಳಿಗೆ ಟೈ ಇದೆ, ಮನೆಬಾಗಿಲಿಗೆ ಹಳದಿ ಬಸ್ಸು ಬರುತ್ತದೆ, ಅಷ್ಟೇ. ಟಿ.ಸಿ. ಬರೆದುಕೊಟ್ಟೆ, ಕೊಡುವುದಿಲ್ಲ ಎನ್ನಲು ನನಗೆ ಅಧಿಕಾರವಿಲ್ಲ. ಆದರೆ ಆ ಸಂಜೆಯೆಲ್ಲ 'ಕಾನ್ವೆಂಟ್' ಎಂಬ ಶಬ್ದ ನನ್ನ ತಲೆಯಲ್ಲಿ ಕೊರೆಯುತ್ತಿತ್ತು.

ತಾವೇ ವಿಚಾರ ಮಾಡಿ. ಕಾನ್ವೆಂಟ್ ಎಂಬುದು ಒಂದು ಭಾಷೆಯ ಹೆಸರಲ್ಲ. ಕ್ರೈಸ್ತ ಸನ್ಯಾಸಿನಿಯರು ಒಟ್ಟಾಗಿ ಬಾಳುವ ಮನೆಗೆ ಕಾನ್ವೆಂಟ್ ಎನ್ನುತ್ತಾರೆ. ಕನ್ನಡ ಕ್ರೈಸ್ತರು ಅದನ್ನು ಕನ್ಯಾಮಠ ಎಂದು ಕರೆಯುತ್ತಾರೆ. ಅಂದರೆ ಕಾನ್ವೆಂಟ್ ಎಂದರೆ ಮಠ. ಮಠದವರು ನಡೆಸುವ ಶಾಲೆ ಕಾನ್ವೆಂಟ್ ಶಾಲೆ. ನಮ್ಮ ಜನ ಆ ಶಬ್ದದಿಂದ ಮಠವನ್ನು ತೆಗೆದುಹಾಕಿ ಇಂಗ್ಲಿಷನ್ನು ತುಂಬಿಬಿಟ್ಟಿದ್ದಾರೆ. ಕನ್ನಡ ನಾಡಿನ ಕಥೋಲಿಕ ಇಗರ್ಜಿ ಶಾಲೆಗಳ ಚರಿತ್ರೆಯನ್ನು ಬಿಡಿಸಿ ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಅದರಲ್ಲಿ ನಮ್ಮಂಥ ಗಡಿನಾಡ ಕನ್ನಡ ಶಾಲೆಗಳಿಗೆ ಒಂದು ದೊಡ್ಡ ಪಾಠವಿದೆ ಎಂದು ನನಗೆ ಅನ್ನಿಸಿದ್ದರಿಂದ ಈ ಲೇಖನ.

ಇಗರ್ಜಿಯ ಅಂಗಳದ ಕನ್ನಡ ಶಾಲೆ

ಒಬ್ಬ ಧರ್ಮಗುರುವಿನ ಪಾಲನೆಗೆ ಒಳಪಟ್ಟ ಊರನ್ನು ಅಥವಾ ಊರುಗಳ ಗುಂಪನ್ನು ಕಥೋಲಿಕರು ಧರ್ಮಕೇಂದ್ರ ಎನ್ನುತ್ತಾರೆ. ಇಂಥ ಹಲವು ಕೇಂದ್ರಗಳು ಸೇರಿ ಒಂದು ಧರ್ಮಪ್ರಾಂತ. ಅದರ ಮುಖ್ಯಸ್ಥರು ಬಿಷಪ್ಪರು. ಕರಾವಳಿಯ ಜನ ಚರ್ಚಿಗೆ ಇಗರ್ಜಿ ಎನ್ನುತ್ತಾರೆ. ಇಗರ್ಜಿ ಇದ್ದಲ್ಲಿ ಒಂದು ಶಾಲೆಯೂ ಇರಬೇಕು ಎಂಬುದು ಅವರ ಹಳೆಯ ಪದ್ಧತಿ.

ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸು ಪ್ರಾಂತಕ್ಕೆ ಸೇರಿದ್ದ ಕಾಲವದು. 1854ರ ವುಡ್ಸ್ ಶಿಕ್ಷಣ ಪತ್ರ ಖಾಸಗಿಯವರು ನಡೆಸುವ ಶಾಲೆಗಳಿಗೆ ಸರಕಾರ ಅನುದಾನ ಕೊಡುವ ಪದ್ಧತಿಗೆ ಬಾಗಿಲು ತೆರೆಯಿತು. 1870ರಲ್ಲಿ ಕಾರ್ಮೆಲ್ ಸನ್ಯಾಸಿನಿಯರು ಮಂಗಳೂರಿನಲ್ಲಿ ಸಂತ ಆನ್ನರ ಹೆಣ್ಣುಮಕ್ಕಳ ಶಾಲೆ ಆರಂಭಿಸಿದರು. 1878ರ ಕೊನೆಯ ದಿನ ಇಟಲಿಯ ಜೆಸ್ವಿತರು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಹುಟ್ಟಿತು. ಪಟ್ಟಣದ ಈ ದೊಡ್ಡ ಸಂಸ್ಥೆಗಳ ಹೆಸರು ಎಲ್ಲರಿಗೂ ಗೊತ್ತು. ಆದರೆ ಹಳ್ಳಿಯ ಇಗರ್ಜಿಗಳು ಕಟ್ಟಿದ ಪ್ರಾಥಮಿಕ ಶಾಲೆಗಳ ಹೆಸರು ಹೊರಗಿನವರಿಗೆ ಗೊತ್ತಿಲ್ಲ. ಅವು ಇಂಗ್ಲಿಷ್ ಶಾಲೆಗಳಾಗಿರಲಿಲ್ಲ, ಕನ್ನಡ ಶಾಲೆಗಳಾಗಿದ್ದವು.

ಇಲ್ಲೊಂದು ಮಾತನ್ನು ತಾವು ವಿಶೇಷವಾಗಿ ಗಮನಿಸಬೇಕು. ಆ ಶಾಲೆಗಳನ್ನು ಕಟ್ಟಿದ ಬಹುಪಾಲು ಕಥೋಲಿಕರ ಮನೆಮಾತು ಕನ್ನಡವಲ್ಲ, ಕೊಂಕಣಿ. ಸುತ್ತಲಿನ ಹೊಲಗದ್ದೆಯ, ಸಂತೆಯ ಮಾತು ತುಳು. ಹಾಗಿದ್ದೂ ಶಾಲೆಯ ಮಾತು ಕನ್ನಡವಾಯಿತು. ತಮ್ಮ ಕೊಂಕಣಿಯನ್ನೂ ಅವರು ಕನ್ನಡ ಲಿಪಿಯಲ್ಲೇ ಬರೆದರು. 1938ರಲ್ಲಿ ಮಂಗಳೂರಿನಲ್ಲಿ ಆರಂಭವಾದ 'ರಾಕ್ಣೊ' ಎಂಬ ಕೊಂಕಣಿ ವಾರಪತ್ರಿಕೆ ಕನ್ನಡ ಅಕ್ಷರದಲ್ಲೇ ಬರುತ್ತದೆ. ಇಗರ್ಜಿ ಶಾಲೆಯ ಬೆಂಚಿನ ಮೇಲೆ ಎಲ್ಲ ಜಾತಿ, ಎಲ್ಲ ಮತದ ಮಕ್ಕಳು ಕುಳಿತು ಕನ್ನಡ ಕಲಿತರು. ಮಂಗಳೂರ ಸಮಾಚಾರ ಹೊರಡಿಸಿದ, ಕಿಟೆಲರ ನಿಘಂಟು ಕೊಟ್ಟ ಬಾಸೆಲ್ ಮಿಷನ್ನಿನವರು ಪ್ರೊಟೆಸ್ಟಂಟರು. ಅವರ ಕನ್ನಡಸೇವೆಯನ್ನು ನಾವು ಆಗಾಗ ನೆನೆಯುತ್ತೇವೆ. ಹಳ್ಳಿಯ ಇಗರ್ಜಿ ಶಾಲೆಯನ್ನು ನೆನೆಯುವವರು ಕಡಿಮೆ.

ಇದನ್ನು ಬರೆಯುವಾಗ ನಾನು ಕಣ್ಣುಮುಚ್ಚಿ ಹೊಗಳುತ್ತಿಲ್ಲ. ಇಗರ್ಜಿ ಶಾಲೆ ಹುಟ್ಟಿದ್ದು ಕನ್ನಡದ ಉದ್ಧಾರಕ್ಕಾಗಿ ಅಲ್ಲ. ತಮ್ಮ ಮಕ್ಕಳು ತಮ್ಮ ಧರ್ಮದಲ್ಲಿ ಉಳಿಯಬೇಕು, ಜೊತೆಗೆ ನಾಲ್ಕಕ್ಷರ ಕಲಿಯಬೇಕು ಎಂಬುದೇ ಅದರ ಮೂಲ ಧ್ಯೇಯ. ಅನುದಾನಿತ ಶಾಲೆಯಲ್ಲಿ ಯಾವ ಮಗುವಿಗೂ ಪಾಲಕರ ಒಪ್ಪಿಗೆಯಿಲ್ಲದೆ ಧರ್ಮಬೋಧನೆ ಮಾಡಕೂಡದು ಎಂದು ನಮ್ಮ ಸಂವಿಧಾನದ 28ನೆಯ ಅನುಚ್ಛೇದ ಹೇಳುತ್ತದೆ, ಅದು ಸರಿಯೇ. ನಾನು ಹೇಳುತ್ತಿರುವುದು ಅವರ ಧರ್ಮದ ವಿಷಯವಲ್ಲ. ಒಂದು ಸಣ್ಣ ಸಮಾಜ ತನ್ನ ಶಾಲೆಯ ಹೊರೆಯನ್ನು ತಾನೇ ಹೊತ್ತುಕೊಂಡ ರೀತಿಯನ್ನು.

ಒಂದೇ ದಿನ ಎಳೆದ ಎರಡು ಗೆರೆ

1956ರ ನವೆಂಬರ್ 1. ಕರ್ನಾಟಕದವರಿಗೆ ಅದು ಏಕೀಕರಣದ ಹಬ್ಬ. ನಮಗೆ ಅದೇ ದಿನ ಗೆರೆ ಬಿತ್ತು. ನಿಜಾಮನ ಕಾಲದಿಂದ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ, ಅಹಮದಪುರ ತಾಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. ಉಳಿದ ಬೀದರದ ಬಹುಭಾಗ ಮೈಸೂರಿಗೆ ಬಂತು. ಉಸ್ಮಾನಾಬಾದ್ ಜಿಲ್ಲೆಯ ಉಮರಗಾ ತಾಲೂಕೂ ಮುಂಬಯಿ ರಾಜ್ಯದ್ದಾಯಿತು. 1960ರಲ್ಲಿ ಮಹಾರಾಷ್ಟ್ರವಾಯಿತು, 1982ರಲ್ಲಿ ನಿಲಂಗಾ, ಉದಗೀರ ಲಾತೂರ ಜಿಲ್ಲೆಗೆ ಸೇರಿದವು, 2023ರಲ್ಲಿ ಉಸ್ಮಾನಾಬಾದಿನ ಹೆಸರು ಧಾರಾಶಿವ ಎಂದಾಯಿತು. ಹೆಸರುಗಳು ಬದಲಾದವು, ಗೆರೆ ಬದಲಾಗಲಿಲ್ಲ.

ಅದೇ ದಿನ, ಅದೇ ಕಾನೂನಿನ ಪ್ರಕಾರ, ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಿಂದ ಕಾಸರಗೋಡು ತಾಲೂಕನ್ನು ಕತ್ತರಿಸಿ ಕೇರಳಕ್ಕೆ ಕೊಟ್ಟರು. ಆದರೆ ಅಲ್ಲಿ ಒಂದು ಗೆರೆ ಹಾಗೇ ಉಳಿಯಿತು. ಬೇಳ, ಕಯ್ಯಾರು, ವರ್ಕಾಡಿ, ಮಂಜೇಶ್ವರ ಮುಂತಾದ ಧರ್ಮಕೇಂದ್ರಗಳು ರಾಜ್ಯ ಬದಲಾದರೂ ಮಂಗಳೂರು ಧರ್ಮಪ್ರಾಂತದಲ್ಲೇ ಉಳಿದವು. ಇಂದಿಗೂ ಹಾಗೆಯೇ ಇವೆ. ಸರಕಾರದ ಕಡತ ತಿರುವನಂತಪುರಕ್ಕೆ ಹೋಯಿತು. ಇಗರ್ಜಿಯ ಕಡತ ಮಂಗಳೂರಿಗೇ ಹೋಗುತ್ತಿತ್ತು. ಇಗರ್ಜಿಯ ಜೊತೆಗಿದ್ದ ಕನ್ನಡ ಶಾಲೆಗೆ ಇದರಿಂದ ಬೆನ್ನು ಸಿಕ್ಕಿತು. ಗಡಿಯಾಚೆಯಿಂದ ಅದರ ಕ್ಷೇಮ ವಿಚಾರಿಸುವ ಒಂದು ಹಿರಿಯ ಮನೆ ಇತ್ತು.

ನಮಗೆ ಅಂಥ ಮನೆ ಇರಲಿಲ್ಲವೇ? ಇತ್ತು. ನಿಜಾಮನ ಆಳಿಕೆಯಲ್ಲಿ ಸರಕಾರಿ ಶಿಕ್ಷಣವೆಲ್ಲ ಉರ್ದುವಿನಲ್ಲಿ ನಡೆಯುತ್ತಿದ್ದಾಗ, ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ಈ ಭಾಗದ ಮಕ್ಕಳಿಗೂ ಗೊತ್ತು. ಅವರು ಹುಟ್ಟಿದ ಕಮಲನಗರ ನಮ್ಮ ಉದಗೀರದ ನೆರೆಯಲ್ಲೇ ಇದೆ. ಅದೂ ಒಂದು ಮಠದ ಶಾಲೆಯೇ. ಶಬ್ದಾರ್ಥ ಹಿಡಿದರೆ ಅದೇ ನಮ್ಮ ನಿಜವಾದ ಕಾನ್ವೆಂಟ್. ಆದರೆ 1956ರ ಗೆರೆ ಬಿದ್ದ ಮೇಲೆ ನಾವು ಈಚೆಯವರು ಮಠವನ್ನು ಜಾತ್ರೆಗೂ ಪಲ್ಲಕ್ಕಿಗೂ ಮಾತ್ರ ನೆನೆದೆವು. ಶಾಲೆಯನ್ನು ಪೂರ್ತಿಯಾಗಿ ಸರಕಾರದ ಬಾಗಿಲಲ್ಲಿ ಬಿಟ್ಟು ಬಂದೆವು.

ಕೇಳುವ ಹಕ್ಕು ಮತ್ತು ಕಟ್ಟುವ ಹಕ್ಕು

ನಮ್ಮ ಸಭೆ ಸಮ್ಮೇಳನಗಳಲ್ಲಿ ಸಂವಿಧಾನದ 350 ಎ ಅನುಚ್ಛೇದದ ಉಲ್ಲೇಖ ತಪ್ಪುವುದಿಲ್ಲ. 1956ರ ಏಳನೆಯ ತಿದ್ದುಪಡಿಯಿಂದ ಬಂದ ಅನುಚ್ಛೇದವದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಕರ್ಯ ಒದಗಿಸಲು ರಾಜ್ಯ ಪ್ರಯತ್ನಿಸಬೇಕು ಎಂದು ಅದು ಹೇಳುತ್ತದೆ. ಅದಕ್ಕೂ ಮೊದಲು, 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಇಡೀ ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕರನ್ನು ಕೊಡಬೇಕೆಂದು ತೀರ್ಮಾನಿಸಿತ್ತು. ಇವು ನಮ್ಮ ಕೇಳುವ ಹಕ್ಕುಗಳು. ಕೇಳುತ್ತಲೇ ಇರಬೇಕು. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳು ನಿಂತಿರುವುದೇ ಇವುಗಳ ಮೇಲೆ. ಪುಣೆಯ ಬಾಲಭಾರತಿ ಮಂಡಳ ಎಂಟು ಭಾಷೆಗಳಲ್ಲಿ ಪಠ್ಯಪುಸ್ತಕ ಅಚ್ಚು ಹಾಕುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂಬುದನ್ನು ಕೃತಜ್ಞತೆಯಿಂದ ನೆನೆಯೋಣ.

ಆದರೆ 30ನೆಯ ಅನುಚ್ಛೇದ ಇನ್ನೊಂದು ಹಕ್ಕನ್ನು ಕೊಟ್ಟಿದೆ. ಧರ್ಮದ ಆಧಾರದ ಮೇಲಾಗಲಿ ಭಾಷೆಯ ಆಧಾರದ ಮೇಲಾಗಲಿ ಅಲ್ಪಸಂಖ್ಯಾತರಾದ ಎಲ್ಲರಿಗೂ ತಮ್ಮ ಇಚ್ಛೆಯ ಶಿಕ್ಷಣ ಸಂಸ್ಥೆಗಳನ್ನು ಸ್ಥಾಪಿಸುವ, ನಡೆಸುವ ಹಕ್ಕು. ಇದು ಕಟ್ಟುವ ಹಕ್ಕು. ಧರ್ಮ ಮತ್ತು ಭಾಷೆ ಒಂದೇ ವಾಕ್ಯದಲ್ಲಿ ಸಮನಾಗಿ ಕುಳಿತಿವೆ. ಕಥೋಲಿಕರು ತಮ್ಮ ಪಾಲನ್ನು ಎತ್ತಿಕೊಂಡರು. ನಾವು ನಮ್ಮ ಪಾಲನ್ನು ಇನ್ನೂ ಮುಟ್ಟಿಲ್ಲ.

ಅವರು ಅದನ್ನು ಹೇಗೆ ಉಳಿಸಿಕೊಂಡರು ಎಂಬುದೂ ತಿಳಿಯತಕ್ಕ ಸಂಗತಿ. 1957ರಲ್ಲಿ ಕೇರಳದ ಮೊದಲ ಸರಕಾರ ಶಿಕ್ಷಣ ಮಸೂದೆ ತಂದಿತು. ಶಿಕ್ಷಕರ ಸಂಬಳಕ್ಕೆ, ನೌಕರಿಗೆ ಅದರಲ್ಲಿ ಒಳ್ಳೆಯ ಭದ್ರತೆ ಇತ್ತು. ಆದರೆ ಆಡಳಿತ ಮಂಡಳಿಗಳ ಅಧಿಕಾರಕ್ಕೆ ದೊಡ್ಡ ಕತ್ತರಿಯೂ ಇತ್ತು. ಕಥೋಲಿಕ ಶಾಲೆಗಳು ವಿರೋಧಿಸಿದವು. ರಾಷ್ಟ್ರಪತಿಗಳು ಮಸೂದೆಯನ್ನು ಸರ್ವೋಚ್ಚ ನ್ಯಾಯಾಲಯದ ಅಭಿಪ್ರಾಯಕ್ಕೆ ಕಳಿಸಿದರು. 1958ರ ಮೇ 22ರಂದು ಬಂದ ಅಭಿಪ್ರಾಯ ನಮಗೂ ದಾರಿದೀಪ. ರಾಜ್ಯದ ಜನಸಂಖ್ಯೆಯಲ್ಲಿ ಅರ್ಧಕ್ಕಿಂತ ಕಡಿಮೆ ಇರುವವರು ಅಲ್ಪಸಂಖ್ಯಾತರು. ಹೊರಗಿನ ಮಕ್ಕಳನ್ನು ಸೇರಿಸಿಕೊಂಡರೆ ಸಂಸ್ಥೆಯ ಅಲ್ಪಸಂಖ್ಯಾತ ಸ್ವರೂಪ ಹೋಗುವುದಿಲ್ಲ. ಅನುದಾನ ಕೊಡುತ್ತೇವೆಂದು ಹಕ್ಕನ್ನು ಕಸಿಯಕೂಡದು. ಹಾಗೆಯೇ, ನಡೆಸುವ ಹಕ್ಕು ಎಂದರೆ ಹೇಗೆ ಬೇಕಾದರೂ ಕೆಡಿಸುವ ಹಕ್ಕಲ್ಲ. 1974ರಲ್ಲಿ ಅಹಮದಾಬಾದಿನ ಜೆಸ್ವಿತರ ಸಂತ ಜೇವಿಯರ್ ಕಾಲೇಜಿನ ಮೊಕದ್ದಮೆ ಈ ಹಕ್ಕನ್ನು ಗಟ್ಟಿಗೊಳಿಸಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ, ಅಲ್ಪಸಂಖ್ಯಾತರು ಯಾರೆಂಬುದನ್ನು ರಾಜ್ಯವನ್ನು ಘಟಕವಾಗಿಟ್ಟು ನೋಡಬೇಕೆಂದು ಹೇಳಿತು. ಅಂದ ಮೇಲೆ ಮಹಾರಾಷ್ಟ್ರದ ಕನ್ನಡಿಗರು ಅಲ್ಪಸಂಖ್ಯಾತರೋ ಅಲ್ಲವೋ ಎಂಬ ಪ್ರಶ್ನೆಯೇ ಇಲ್ಲ. ಮುಂಬಯಿಯ ಗುಜರಾತಿ, ಸಿಂಧಿ ಭಾಷಿಕರ ಸಂಸ್ಥೆಗಳು ಭಾಷಾ ಅಲ್ಪಸಂಖ್ಯಾತ ಮಾನ್ಯತೆ ಪಡೆದು ನಡೆಯುತ್ತಿವೆ. ಉಮರಗಾ, ನಿಲಂಗಾ, ಉದಗೀರದ ನಾವೇಕೆ ಪಡೆಯಬಾರದು?

ಒಂದು ನ್ಯಾಯವಾದ ದೂರೂ ನಮಗಿದೆ. 2004ರಲ್ಲಿ ಕೇಂದ್ರ ಸರಕಾರ ರಚಿಸಿದ ಅಲ್ಪಸಂಖ್ಯಾತ ಶಿಕ್ಷಣ ಸಂಸ್ಥೆಗಳ ರಾಷ್ಟ್ರೀಯ ಆಯೋಗ ಧಾರ್ಮಿಕ ಅಲ್ಪಸಂಖ್ಯಾತರಿಗೆ ಮಾತ್ರ. ಸಂವಿಧಾನ ಸಮನಾಗಿ ಕೂಡಿಸಿದ ಇಬ್ಬರಲ್ಲಿ ಒಬ್ಬರಿಗೆ ಬಾಗಿಲು ತೆರೆದು ಇನ್ನೊಬ್ಬರನ್ನು ಅಂಗಳದಲ್ಲಿ ನಿಲ್ಲಿಸಿದಂತಾಯಿತು. ನಮ್ಮ ಸಂಘಟನೆಗಳು ಎತ್ತಬೇಕಾದ ಬೇಡಿಕೆ ಇದು.

ಅವರು ಎಡವಿದ್ದು ಎಲ್ಲಿ

ಈಗ ಕಹಿ ಮಾತು. ಕನ್ನಡವನ್ನು ಹಳ್ಳಿ ಹಳ್ಳಿಗೆ ಮುಟ್ಟಿಸಿದ ಇಗರ್ಜಿ ಶಾಲೆಗಳ ಪಕ್ಕದಲ್ಲೇ ಇಂಗ್ಲಿಷ್ ಶಾಲೆಗಳು ಎದ್ದವು. ಪಾಲಕರು ಕೇಳಿದರು, ಆಡಳಿತದವರು ಕೊಟ್ಟರು. ಒಂದೇ ಅಂಗಳದಲ್ಲಿ ಇಂಗ್ಲಿಷ್ ಶಾಲೆ ತುಂಬಿ ಕನ್ನಡ ಶಾಲೆ ತೆಳುವಾಗುವುದನ್ನು ಕರಾವಳಿಯ ಶಿಕ್ಷಕ ಮಿತ್ರರು ನೋವಿನಿಂದ ಹೇಳುತ್ತಾರೆ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ, ಮಾತೃಭಾಷಾ ಮಾಧ್ಯಮವನ್ನು ಸರಕಾರ ಬಲವಂತವಾಗಿ ಹೇರಕೂಡದೆಂದು ತೀರ್ಪಿತ್ತ ಮೇಲೆ ಮಾಧ್ಯಮದ ಆಯ್ಕೆ ಪೂರ್ತಿಯಾಗಿ ಪಾಲಕರ ಕೈಗೆ ಬಂತು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಅಮೇರಿಕದ ಕಥೋಲಿಕ ಬಿಷಪ್ಪರು 1884ರಲ್ಲಿ ಬಾಲ್ಟಿಮೋರಿನಲ್ಲಿ ಸಭೆ ಸೇರಿ, ಎರಡು ವರ್ಷದೊಳಗೆ ಪ್ರತಿ ಇಗರ್ಜಿಗೂ ಒಂದು ಶಾಲೆ ಆಗಬೇಕೆಂದು ನಿಯಮ ಮಾಡಿದರು. ಅಲ್ಲಿಗೆ ವಲಸೆ ಹೋದ ಜರ್ಮನರು ತಮ್ಮ ಇಗರ್ಜಿ ಶಾಲೆಗಳಲ್ಲಿ ಜರ್ಮನ್ ಕಲಿಸುತ್ತಿದ್ದರು. 1889ರಲ್ಲಿ ವಿಸ್ಕಾನ್ಸಿನ್ ರಾಜ್ಯ ಇಂಗ್ಲಿಷಿನಲ್ಲೇ ಕಲಿಸಬೇಕೆಂದು ಬೆನೆಟ್ ಕಾನೂನು ತಂದಾಗ ಜರ್ಮನ್ ಕಥೋಲಿಕರೂ ಲೂಥರನರೂ ಒಟ್ಟಾಗಿ ನಿಂತರು. 1891ರಲ್ಲಿ ಕಾನೂನು ರದ್ದಾಯಿತು. ಗೆದ್ದರು. ಆದರೆ ಮೊದಲನೆಯ ಮಹಾಯುದ್ಧದ ದ್ವೇಷದ ಗಾಳಿ ಬೀಸಿದಾಗ, ಮಕ್ಕಳು ಮನೆಯಲ್ಲೂ ಇಂಗ್ಲಿಷಿಗೆ ತಿರುಗಿದಾಗ, ಆ ಶಾಲೆಗಳಿಂದ ಜರ್ಮನ್ ಹೊರಟುಹೋಯಿತು. ಶಾಲೆ ಉಳಿಯಿತು, ಭಾಷೆ ಉಳಿಯಲಿಲ್ಲ. ಕಾನೂನು ಶಾಲೆಯ ಬಾಗಿಲನ್ನು ಕಾಯಬಹುದು. ಮಗುವನ್ನು ಆ ಬಾಗಿಲಿಗೆ ಕರೆತರುವವರು ತಾಯಿತಂದೆಗಳೇ.

ಹಾಗಾದರೆ ನಾವು ಏನು ಮಾಡಬೇಕು

ಇಗರ್ಜಿ ಶಾಲೆಯಿಂದ ನಾವು ಎತ್ತಿಕೊಳ್ಳಬೇಕಾದದ್ದು ಟೈಯೂ ಅಲ್ಲ, ಇಂಗ್ಲಿಷೂ ಅಲ್ಲ. ನನ್ನ ಅಲ್ಪಮತಿಗೆ ತೋಚಿದ ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು ಪಟ್ಟಿ. ಟ್ರೆಂಟಿನ ಧರ್ಮಸಭೆ 1563ರಲ್ಲಿ ಮುಗಿದ ಕಾಲದಿಂದ ಪ್ರತಿ ಇಗರ್ಜಿಯಲ್ಲೂ ದೀಕ್ಷಾಸ್ನಾನದ, ಮದುವೆಯ ದಾಖಲೆ ಪುಸ್ತಕ ಇಡುವುದು ಅವರ ಕಟ್ಟಳೆ. ಹೀಗಾಗಿ ಯಾವ ಮನೆಯಲ್ಲಿ ಯಾವ ಮಗುವಿಗೆ ಯಾವಾಗ ಆರು ತುಂಬುತ್ತದೆ ಎಂಬುದು ಧರ್ಮಗುರುವಿಗೆ ಮೊದಲೇ ಗೊತ್ತಿರುತ್ತದೆ. ನಮಗೆ ಗೊತ್ತಿದೆಯೇ? ಜೂನ್ ಬಂದ ಮೇಲೆ ನಾವು ಪಟಸಂಖ್ಯೆ ಎಣಿಸುತ್ತೇವೆ. ಪಟಸಂಖ್ಯೆ ಇಳಿದರೆ ಸಂಚಮಾನ್ಯತೆಯಲ್ಲಿ ಶಿಕ್ಷಕರ ಹುದ್ದೆ ಇಳಿಯುತ್ತದೆ. ಹುದ್ದೆ ಇಳಿದರೆ ಮತ್ತಷ್ಟು ಮಕ್ಕಳು ಬಿಡುತ್ತಾರೆ. 20ಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗಳನ್ನು ಸಮೂಹ ಶಾಲೆಗಳಲ್ಲಿ ಕೂಡಿಸುವ ಮಾತು 2023ರಲ್ಲಿ ರಾಜ್ಯದಲ್ಲಿ ಎದ್ದದ್ದು ತಮಗೆ ನೆನಪಿದೆ. ಹತ್ತಿರದ ಮರಾಠಿ ಶಾಲೆ ಮುಚ್ಚಿದರೆ ಮಗು ಇನ್ನೊಂದು ಮರಾಠಿ ಶಾಲೆಗೆ ಹೋದೀತು. ಕನ್ನಡ ಶಾಲೆ ಮುಚ್ಚಿದರೆ ಆ ಊರಿನ ಮಗು ಹೋಗಬೇಕಾದದ್ದು ಎಲ್ಲಿಗೆ?

ಎರಡನೆಯದು ಒಡೆತನ. ಪ್ರತಿ ಕನ್ನಡ ಶಾಲೆಯ ಊರಿನಲ್ಲಿ ಒಂದು ನೋಂದಾಯಿತ ಮಂಡಳಿ ಬೇಕು. ಮಠದವರು, ದರ್ಗಾದವರು, ಗುಡಿಯ ಪಂಚರು, ಅಂಗಡಿಕಾರರು, ಹೊಲದವರು, ಹಳೆಯ ವಿದ್ಯಾರ್ಥಿಗಳು ಎಲ್ಲರೂ ಅದರಲ್ಲಿ ಇರಲಿ. ಇಂದು ಅದು ಜಿಲ್ಲಾ ಪರಿಷತ್ ಶಾಲೆಗೆ ಆಸರೆಯಾಗಲಿ. ನಾಳೆ ಸರಕಾರದ ಶಾಲೆ ಇಲ್ಲದ ಕಡೆ, ಅದರಲ್ಲೂ ಮನೆಯಲ್ಲಿ ಕನ್ನಡ ಕೇಳಿಸಿದರೂ ಹಲಗೆಯ ಮೇಲೆ ಕನ್ನಡ ಕಾಣದ ನಿಲಂಗಾ, ಉದಗೀರದ ಗಡಿ ಹಳ್ಳಿಗಳಲ್ಲಿ, ಭಾಷಾ ಅಲ್ಪಸಂಖ್ಯಾತ ಮಾನ್ಯತೆಗೆ ಅರ್ಜಿ ಹಾಕಿ ತಾನೇ ಶಾಲೆ ತೆರೆಯಲಿ.

ಮೂರನೆಯದು ಮರಾಠಿ. ಮರಾಠಿ ಕಲಿತರೆ ಕನ್ನಡ ಕೆಡುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅಲ್ಪಸಂಖ್ಯಾತ ಶಾಲೆಗಳಲ್ಲೂ ಮರಾಠಿ ಕಡ್ಡಾಯ ಮಾಡಬಹುದೆಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲೇ ಹೇಳಿದೆ. 2020ರಲ್ಲಿ ರಾಜ್ಯ ಅದಕ್ಕೆ ಕಾನೂನನ್ನೂ ಮಾಡಿದೆ. ಕೊಂಕಣಿ ಮನೆಯ ಮಕ್ಕಳು ತುಳು ಆಡುತ್ತ ಕನ್ನಡದಲ್ಲಿ ಕಲಿತು ಇಂಗ್ಲಿಷಿಗೆ ದಾಟಿದ್ದನ್ನು ಮೇಲೆ ನೋಡಿದಿರಿ. ನಮ್ಮ ಮಕ್ಕಳೂ ದಾಟಬಲ್ಲರು. ಕನ್ನಡ ಶಾಲೆಯಲ್ಲಿ ಮರಾಠಿಯನ್ನೂ ಇಂಗ್ಲಿಷನ್ನೂ ಎಷ್ಟು ಚೆನ್ನಾಗಿ ಕಲಿಸಬೇಕೆಂದರೆ, ಟಿ.ಸಿ. ಕೇಳಲು ಬಂದವರಿಗೆ ಕಾರಣವೇ ಸಿಗಬಾರದು.

ನಾಲ್ಕನೆಯದು ನಾವು, ಶಿಕ್ಷಕರು. ಧರ್ಮಗುರು ಇಗರ್ಜಿಯ ಪಕ್ಕದಲ್ಲೇ ಇರುತ್ತಾನೆ; ಊರಿನವರ ಜ್ವರ, ಜಗಳ, ಮದುವೆ ಎಲ್ಲ ಅವನಿಗೆ ಗೊತ್ತು. ನಮ್ಮಲ್ಲಿ ಎಷ್ಟು ಜನ ಶಾಲೆ ಇರುವ ಊರಲ್ಲಿ ವಾಸವಾಗಿದ್ದೇವೆ? ನಮ್ಮ ಸ್ವಂತ ಮಕ್ಕಳನ್ನು ಎಲ್ಲಿಗೆ ಕಳಿಸುತ್ತೇವೆ? ಈ ಪ್ರಶ್ನೆಯನ್ನು ನನಗೇ ಮೊದಲು ಹಾಕಿಕೊಂಡಿದ್ದೇನೆ. ನನ್ನ ಹಿರಿಯ ಮಗ ಕನ್ನಡ ಶಾಲೆಯಲ್ಲಿ ಓದಿದ. ಕಿರಿಯವಳನ್ನು ಮನೆಯವರ ಒತ್ತಾಯಕ್ಕೆ ಎರಡು ವರ್ಷ ಇಂಗ್ಲಿಷ್ ಶಾಲೆಗೆ ಕಳಿಸಿದೆ. ಹಾಗಿರುವಾಗ ಆ ಪಾಲಕರ ಎದುರು ನನ್ನ ಬಾಯಿ ಕಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಕೊನೆಗೆ ಒಂದು ನೆನಪು. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಎಲ್ಲರೂ ಮಲಗಿದ ರಾತ್ರಿ, ಬೆಳಗಿನ ಜಾವ ಕಿಲ್ಲಾರಿಯ ಭೂಕಂಪ ನಮ್ಮ ಈ ಸೀಮೆಯನ್ನೆಲ್ಲ ನಡುಗಿಸಿತು. ಲಾತೂರ, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸಾವಿರಾರು ಜನ ಮಣ್ಣಾದರು. ನಾನಾಗ ಏಳನೆಯ ಇಯತ್ತೆಯ ಹುಡುಗ. ನಮ್ಮ ಶಾಲೆಯ ಗೋಡೆ ಬಿರುಕು ಬಿಟ್ಟು, ಒಳಗೆ ಕೂಡಲು ಯಾರಿಗೂ ಧೈರ್ಯವಿರಲಿಲ್ಲ. ಕೆಲವು ದಿನ ಕಳೆದ ಮೇಲೆ ನಮ್ಮ ಮಾಸ್ತರರು ಬೇವಿನ ಗಿಡದ ಬೊಡ್ಡೆಗೆ ಕರಿಹಲಗೆ ಆನಿಸಿ ಹಾಜರಿ ಕರೆದರು. ಇಬ್ಬರ ಹೆಸರು ಕರೆದಾಗ ಉತ್ತರ ಬರಲಿಲ್ಲ. ಅವರು ಸುಮ್ಮನೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಕನ್ನಡ ಪಾಠ ತೆಗೆದರು. ಕಟ್ಟಡವಿಲ್ಲದೆ ಶಾಲೆ ನಡೆಯುತ್ತದೆ, ಹೆಸರು ಕರೆಯುವವನಿಲ್ಲದೆ ನಡೆಯುವುದಿಲ್ಲ ಎಂಬುದನ್ನು ನಾನು ಕಲಿತದ್ದು ಬಿ.ಎಡ್. ಕಾಲೇಜಿನಲ್ಲಲ್ಲ, ಆ ಗಿಡದ ಕೆಳಗೆ.

ಟಿ.ಸಿ. ಒಯ್ದ ಆ ಪಾಲಕರಿಗೆ ಒಬ್ಬ ಮಗಳಿದ್ದಾಳೆ. ಬರುವ ಜೂನಿಗೆ ಅವಳಿಗೆ ಆರು ತುಂಬುತ್ತದೆ. ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಏಪ್ರಿಲ್‌ನಲ್ಲಿ ಅವರ ಮನೆಗೆ ಹೋಗುವವನಿದ್ದೇನೆ. ಈ ಸಲ ಬಾಯಿ ಕಟ್ಟದಂತೆ ಸಿದ್ಧನಾಗಿ ಹೋಗುತ್ತೇನೆ. ತಾವೂ ತಮ್ಮ ಊರಿನ ಪಟ್ಟಿ ಮಾಡಿ, ಎಷ್ಟು ಹೆಸರಾದವೆಂದು ಈ ಪತ್ರಿಕೆಗೆ ಒಂದು ಕಾರ್ಡು ಬರೆದು ತಿಳಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.